ಸ್ಟಾರ್ಟ್ ಆಗದ ಲಾರಿ: ಸ್ಪ್ಯಾನರ್‌ಗಿಂತ ಮೊದಲು ಮೀಟರ್ ಹಿಡಿಯಿರಿ

ಮಾನ್ಯರೇ,

ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಎಂಜಿನ್ ಮಾತ್ರ ಹತ್ತುವುದಿಲ್ಲ. ರಸ್ತೆ ಬದಿ ಹೀಗೆ ಕ್ಯಾಬಿನ್ ಎತ್ತಿ ನಿಂತ ಲಾರಿಯ ಬಳಿ ಮೊದಲು ನಡೆಯುವ ಕೆಲಸ ಒಂದೇ: ಇಂಜೆಕ್ಟರ್ (ಸಿಲಿಂಡರಿನೊಳಗೆ ಡೀಸೆಲ್ ಚಿಮ್ಮಿಸುವ ಭಾಗ) ಪೈಪಿನ ನಟ್ ಸಡಿಲಿಸಿ, ಸೆಲ್ಫ್ ಹೊಡೆಸಿ, ಡೀಸೆಲ್ ಪೈಪಿನೊಳಗೆ ಸೇರಿದ ಏರ್ (ಗಾಳಿ) ತೆಗೆಯುವುದು. ಪಂಪೇ ಪ್ರತಿ ಇಂಜೆಕ್ಟರಿಗೂ ಬೇರೆಬೇರೆಯಾಗಿ ಡೀಸೆಲ್ ತಳ್ಳುವ ಹಳೆಯ ಇನ್‌ಲೈನ್ ಪಂಪಿನ ಗಾಡಿಗೆ ಅದು ಸರಿ. ಎಲ್ಲ ಇಂಜೆಕ್ಟರುಗಳಿಗೂ 'ರೈಲ್' ಎಂಬ ಒಂದೇ ಕೊಳವೆಯಿಂದ ಭಾರೀ ಒತ್ತಡದ ಡೀಸೆಲ್ ಹೋಗುವ ಕಾಮನ್ ರೈಲ್ ಗಾಡಿಯಲ್ಲಿ ಅದೇ ಅಭ್ಯಾಸ ಕೈಯನ್ನೇ ಕಳೆಯಬಹುದು. ಬರೀ ಸೆಲ್ಫ್ ತಿರುಗುವಾಗಲೇ ರೈಲಿನಲ್ಲಿ 200-300 ಬಾರ್ ಒತ್ತಡ ಏಳುತ್ತದೆ. ಎಂಜಿನ್ ಲೋಡಿನಲ್ಲಿ ಓಡುವಾಗ ಅದು 1,000 ಬಾರ್ ದಾಟುತ್ತದೆ. ಆ ಸಣ್ಣ ಧಾರೆ ಚರ್ಮ ಸೀಳಿ ಒಳಹೋದರೆ ಹೊರಗೆ ಸೂಜಿ ಚುಚ್ಚಿದಷ್ಟೇ ಗುರುತು, ಮೊದಲಿಗೆ ನೋವೂ ಅಷ್ಟಿರುವುದಿಲ್ಲ. ಆದರೆ ಅದು ತಕ್ಷಣ ಶಸ್ತ್ರಚಿಕಿತ್ಸೆ ಬೇಕಾಗುವ ಗಾಯ.

2017ರ ಏಪ್ರಿಲ್ 1ರಿಂದ ದೇಶವಿಡೀ ಬಿಎಸ್-4 ಹೊಗೆ ನಿಯಮ ಬಂತು, 2020ರ ಏಪ್ರಿಲ್‌ನಲ್ಲಿ ಬಿಎಸ್-6. ಈ ನಡುವಿನ ಗಾಡಿಗಳು ಈಗ ಎರಡನೆಯ, ಮೂರನೆಯ ಮಾಲೀಕರ ಕೈಯಲ್ಲಿವೆ. ಬಿಎಸ್-4 ಎಂದ ಮಾತ್ರಕ್ಕೆ ಕಾಮನ್ ರೈಲ್ ಎಂದೂ ತಿಳಿಯಬಾರದು. ಅಶೋಕ್ ಲೇಲ್ಯಾಂಡ್‌ನ ಐಇಜಿಆರ್ (ಹೊಗೆಯ ಒಂದು ಭಾಗವನ್ನು ಮತ್ತೆ ಎಂಜಿನ್ನಿಗೇ ತಿರುಗಿಸುವ ತಂತ್ರ) ಲಾರಿಗಳು ಇನ್‌ಲೈನ್ ಪಂಪಿನಲ್ಲೇ ಬಂದವು. ಎಂಜಿನ್ ಪಕ್ಕ ದಪ್ಪ ಉಕ್ಕಿನ ಕೊಳವೆ, ಪ್ರತಿ ಇಂಜೆಕ್ಟರ್‌ಗೂ ವೈರಿಂಗ್ ಇದ್ದರೆ ಕಾಮನ್ ರೈಲ್.

ಮೊದಲು ಸೈಲೆನ್ಸರ್ ನೋಡಿ. ಸೆಲ್ಫ್ ಹೊಡೆಯುವಾಗ ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ: ಹೀಟರ್, ಕಂಪ್ರೆಷನ್, ಡೀಸೆಲ್‌ನಲ್ಲಿ ನೀರು, ಇವುಗಳ ಕಡೆ ಹೋಗಿ. ಹೊಗೆಯೇ ಇಲ್ಲವೆಂದರೆ ಇಂಜೆಕ್ಷನ್ ಆಗುತ್ತಿಲ್ಲ. ಹೆಚ್ಚಿನ ಗಾಡಿಗಳು ಈ ಎರಡನೆಯ ಗುಂಪಿನವೇ.

ಮುಂದಿನದು ಬ್ಯಾಟರಿ. ಸೆಲ್ಫ್ ತಿರುಗುವಾಗಲೇ ಅಳೆಯಬೇಕು. ನಿಂತಾಗಿನ ಲೆಕ್ಕ ಉಪಯೋಗವಿಲ್ಲ. 12 ವೋಲ್ಟ್ ಪಿಕಪ್‌ನಲ್ಲಿ 9.6, 24 ವೋಲ್ಟ್ ಲಾರಿಯಲ್ಲಿ 19ಕ್ಕಿಂತ ಕೆಳಗಿಳಿದರೆ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಕೆಲಸ ನಿಲ್ಲಿಸಬಹುದು. ಸೆಲ್ಫ್ ಮೋಟಾರಿಗೆ ಅಷ್ಟು ಸಾಕು, ಇಸಿಯುಗೆ ಸಾಲದು. ಎಷ್ಟೋ 'ಇಸಿಯು ಹೋಗಿದೆ' ಕೇಸುಗಳು ತುಕ್ಕು ಹಿಡಿದ ಅರ್ತ್ ಪಟ್ಟಿಯಲ್ಲೇ ಮುಗಿಯುತ್ತವೆ. ಜತೆಗೆ ಮೇನ್ ರಿಲೇ, ಫ್ಯೂಸ್, ಇಮ್ಮೊಬಿಲೈಸರ್ (ಕಳ್ಳತನ ತಡೆಯುವ ಲಾಕ್) ಇದ್ದರೆ ಅದರ ದೀಪ ನೋಡಿ.

ಮಳೆಗಾಲದ ಘಾಟಿಯಲ್ಲಿ ಹೆಚ್ಚು ಸತಾಯಿಸುವುದು ಏರ್. ಬಹಳಷ್ಟು ಗಾಡಿಗಳಲ್ಲಿ ಟ್ಯಾಂಕಿನೊಳಗೆ ಪಂಪ್ ಇರುವುದಿಲ್ಲ. ಹೈಪ್ರೆಶರ್ ಪಂಪಿಗೆ ಅಂಟಿದ ಗೇರ್ ಪಂಪೇ ಡೀಸೆಲ್ ಎಳೆಯುತ್ತದೆ. ಹಾಗಾಗಿ ಆ ಪೈಪಿನಲ್ಲಿ ಬಿರುಕಿದ್ದರೆ ಡೀಸೆಲ್ ಹೊರಗೆ ಸೋರುವ ಬದಲು ಗಾಳಿ ಒಳಗೆ ಸೇರುತ್ತದೆ. ನೆಲದಲ್ಲಿ ಒಂದು ಹನಿಯೂ ಕಾಣದು. ಟ್ಯಾಂಕಿನಿಂದ ಪಂಪಿಗೆ ಬರುವ ಪೈಪಿಗೆ ಒಂದಡಿ ಪಾರದರ್ಶಕ ಹೋಸ್ ಜೋಡಿಸಿ ಸೆಲ್ಫ್ ಹೊಡೆಸಿ. ಗುಳ್ಳೆ ಕಂಡರೆ ಕಳ್ಳ ಸಿಕ್ಕಂತೆ. ಫಿಲ್ಟರ್ ಬದಲಿಸುವಾಗ ಹಳೆಯ ಓ-ರಿಂಗನ್ನೇ (ರಬ್ಬರ್ ಬಳೆ) ಹಾಕಿರುವುದು, ಬ್ಯಾಂಜೋ ವಾಷರ್ (ಪೈಪ್ ಜೋಡಿಸುವ ಬೋಲ್ಟಿನ ವಾಷರ್) ಸವೆದಿರುವುದು, ಕಡಿಮೆ ಡೀಸೆಲ್ ಇಟ್ಟುಕೊಂಡು ಇಳಿಜಾರಿನಲ್ಲಿ ನಿಲ್ಲಿಸಿರುವುದು, ಸಾಮಾನ್ಯ ಕಾರಣಗಳು ಇವೇ. ಫಿಲ್ಟರಿನ ತಳದ ನೀರು ಇಳಿಸಿ, ಕೈಪಂಪು ಗಟ್ಟಿಯಾಗುವವರೆಗೆ ಒತ್ತಿ. ಸೆಲ್ಫ್ ಒಮ್ಮೆಗೆ 10-15 ಸೆಕೆಂಡು ಸಾಕು, ನಡುವೆ ಎರಡು ನಿಮಿಷ ಬಿಡುವು ಕೊಡದಿದ್ದರೆ ಸೆಲ್ಫ್ ಮೋಟಾರೂ ಸುಡುತ್ತದೆ.

ಆಮೇಲೆ ರೈಲ್ ಪ್ರೆಶರ್. ಸುಮಾರು 200 ಬಾರ್ ಆಗದೆ ಇಸಿಯು ಸಾಮಾನ್ಯವಾಗಿ ಇಂಜೆಕ್ಟರ್ ತೆರೆಯುವುದಿಲ್ಲ. ಸ್ಕ್ಯಾನರ್ ಇಲ್ಲದಿದ್ದರೆ ಮಲ್ಟಿಮೀಟರಿನಿಂದಲೂ ಅಂದಾಜು ಸಿಗುತ್ತದೆ: ರೈಲ್ ಸೆನ್ಸರಿನ ಸಿಗ್ನಲ್ ತಂತಿಯಲ್ಲಿ ಬರೀ ಕೀ ಆನ್ ಇದ್ದಾಗ 0.5 ವೋಲ್ಟ್, ಸೆಲ್ಫ್ ತಿರುಗುವಾಗ 1 ವೋಲ್ಟಿನ ಆಸುಪಾಸು. ಸೆನ್ಸರಿಗೆ ಹೋಗುವ 5 ವೋಲ್ಟ್ ಸಪ್ಲೈಯೇ ಇಲ್ಲದಿದ್ದರೆ ಅದೇ ಲೈನಿನ ಸೆನ್ಸರುಗಳನ್ನು ಒಂದೊಂದಾಗಿ ಕಿತ್ತು ನೋಡಿ. ಶಾರ್ಟ್ ಆದ ಒಂದೇ ಸೆನ್ಸರ್ ಉಳಿದವನ್ನೂ ಕೆಡಿಸುತ್ತದೆ.

ಪ್ರೆಶರ್ ಇದ್ದೂ ಹತ್ತದಿದ್ದರೆ ಎಂಜಿನ್ ತಿರುಗುವುದನ್ನು ಇಸಿಯುಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್ ಮೇಲೆ ಅನುಮಾನ. ಬಿಸಿಯಾದಾಗ ನಿಂತು, ತಣ್ಣಗಾದ ಮೇಲೆ ತಾನೇ ಹತ್ತುವ ಗಾಡಿಯಲ್ಲಂತೂ ಮೊದಲ ಅನುಮಾನವೇ ಅದು. ತುದಿಗೆ ಕಬ್ಬಿಣದ ಪುಡಿ ಅಂಟಿದ್ದರೆ ಒರೆಸಿದರೆ ಸಾಕಾಗಬಹುದು.

ಪ್ರೆಶರ್ ಏಳದಿದ್ದರೆ ಮಾತ್ರ ಇಂಜೆಕ್ಟರಿನ ರಿಟರ್ನ್ (ಟ್ಯಾಂಕಿಗೆ ಮರಳುವ ಡೀಸೆಲ್) ನೋಡಬೇಕು. ಪ್ರತಿಯೊಂದರ ರಿಟರ್ನ್ ಪೈಪಿಗೂ ಸೀಸೆ ಕಟ್ಟಿ ಸೆಲ್ಫ್ ಹೊಡೆಸಿದರೆ, ಸರಿಯಿರುವ ಇಂಜೆಕ್ಟರಿನಿಂದ ಏನೂ ಬರುವುದಿಲ್ಲವೆನ್ನಬಹುದು. ಒಂದೇ ಸೀಸೆ ತುಂಬುತ್ತಿದ್ದರೆ ನಾಲ್ಕನ್ನೋ ಆರನ್ನೋ ಬದಲಿಸುವ ಮಾತೇಕೆ?

ಮಾಲೀಕರಲ್ಲಿ ಒಂದು ಕೋರಿಕೆ. ಗ್ಯಾರೇಜಿನವರು 'ಪಂಪ್ ಬಿಚ್ಚಬೇಕು' ಎಂದಾಗ, ಸೆಲ್ಫ್ ಹೊಡೆಯುವಾಗ ರೈಲ್ ಪ್ರೆಶರ್ ಎಷ್ಟಿತ್ತು, ಸಪ್ಲೈ ಪೈಪಿನಲ್ಲಿ ಗುಳ್ಳೆ ಇತ್ತೇ ಎಂದು ಕೇಳಿ, ಉತ್ತರವನ್ನು ಜಾಬ್ ಕಾರ್ಡಿನಲ್ಲಿ ಬರೆಸಿ. ಫಿಲ್ಟರಿನಲ್ಲಿ ಲೋಹದ ಮಿನುಗು ಪುಡಿ ಕಂಡರೆ ಪಂಪ್ ನಿಜವಾಗಿಯೂ ಸವೆದಿದೆ. ಆಗಲೂ ಹೊಸ ಪಂಪ್ ಒಂದನ್ನೇ ಕೂರಿಸಲು ಒಪ್ಪಬೇಡಿ; ಟ್ಯಾಂಕ್, ಪೈಪು, ರೈಲ್ ತೊಳೆಯದಿದ್ದರೆ ಅದೇ ಪುಡಿ ಹೊಸ ಪಂಪನ್ನೂ ಇಂಜೆಕ್ಟರನ್ನೂ ತಿನ್ನುತ್ತದೆ.

– ಒಬ್ಬ ಡೀಸೆಲ್ ಮೆಕ್ಯಾನಿಕ್, ಸಕಲೇಶಪುರ