ತರಬೇತಿಯಲ್ಲಿ ಪಕ್ಕ ಕೂತಿದ್ದ ಮೇಡಂಗೆ ಥ್ಯಾಂಕ್ಸ್

ತರಬೇತಿಯಲ್ಲಿ ನನ್ನ ಪಕ್ಕ ಕೂತಿದ್ದ ಮೇಡಂ, ನಿಮ್ಮ ಹೆಸರು ಕೇಳಲೂ ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

“ನಾಲ್ಕು ಜನರ ಮುಂದೆ ಮಾತಾಡೋದು ನನ್ನ ಕೈಲಿ ಆಗಲ್ಲ” ಅಂತ ಗೊಣಗಿದ್ದೆ. ಬೇರೆಯವರಾಗಿದ್ದರೆ “ಆಗುತ್ತೆ ಬಿಡಿ, ಧೈರ್ಯ ಮಾಡಿ” ಅನ್ನುತ್ತಿದ್ದರು. ಆ ಮಾತು ಕೇಳಿ ಕೇಳಿ ಸಾಕಾಗಿದೆ. ನೀವು ಮಾತ್ರ “ಇದು ನಡೆದದ್ದಾ, ನೀವು ಅಂದುಕೊಂಡದ್ದಾ?” ಅಂತ ಕೇಳಿದಿರಿ. ನನ್ನ ನೋಟ್‌ಬುಕ್ ಎಳೆದುಕೊಂಡು ಹಾಳೆಯ ನಡುವೆ ಗೆರೆ ಹಾಕಿದಿರಿ. ಎಡಕ್ಕೆ ಆ ನಂಬಿಕೆಗೆ ಸಾಕ್ಷಿ, ಬಲಕ್ಕೆ ಅದರ ವಿರುದ್ಧದ ಸಾಕ್ಷಿ. ಎಡಗಡೆ, ಶಾಲೆಯಲ್ಲಿ ಯಾರೋ ನಕ್ಕಿದ್ದು ಬಿಟ್ಟರೆ ಬೇರೇನೂ ಇರಲಿಲ್ಲ! ಬಲಗಡೆ ಜಾಗ ಸಾಲಲಿಲ್ಲ.

1960ರ ದಶಕದಲ್ಲಿ ಮನೋವೈದ್ಯ ಆರನ್ ಬೆಕ್ ರೂಪಿಸಿದ ಚಿಕಿತ್ಸೆಯಲ್ಲೂ ಯೋಚನೆಗಳನ್ನು ಹೀಗೇ ಸಾಕ್ಷಿ ಕೇಳಿ ಪರೀಕ್ಷಿಸುತ್ತಾರೆ ಅಂತ ಆಮೇಲೆ ಓದಿ ತಿಳಿಯಿತು. ಸುಮ್ನೆ ಒಳ್ಳೇದನ್ನೇ ಯೋಚಿಸು ಅನ್ನೋದಕ್ಕಿಂತ ಇದು ಜಾಸ್ತಿ ಪ್ರಾಮಾಣಿಕ ಅಲ್ವಾ?

ಈಗ ಎದೆ ಡವಡವ ಅಂದಾಗ, ಆ ಕ್ಷಣ ತಲೆಗೆ ಬಂದ ವಾಕ್ಯವನ್ನು ಮೊದಲು ಹಾಗೇ ಬರೆದುಕೊಳ್ಳುತ್ತೇನೆ. ಬರೆದ ಮೇಲೆ ಎಷ್ಟೋ ಸಲ ಓದಿ ನಗು ಬರುತ್ತದೆ. ಭಯ ಪೂರ್ತಿ ಹೋಗಿಲ್ಲ, ಆದರೂ ಮೀಟಿಂಗ್‌ನಲ್ಲಿ ಕೈ ಎತ್ತುತ್ತೇನೆ. ತುಂಬಾ ಥ್ಯಾಂಕ್ಸ್ ಮೇಡಂ. ಇದು ನಿಮ್ಮ ಕಣ್ಣಿಗೆ ಬಿದ್ದರೆ ಒಂದು ಮಾತು ತಿಳಿಸಿ.