ಫೋನಲ್ಲಿ ಖಾಲಿ, ಮುಖ ನೋಡಿದ್ಮೇಲೆ ಭರ್ತಿ

ಸಂಪಾದಕರಿಗೆ ನಮಸ್ಕಾರ,

ಹೋದ ತಿಂಗಳು ನಮ್ಮ ಬೀದಿ ಕೊನೇ ಮನೆಗೆ ಟು-ಲೆಟ್ ಬೋರ್ಡ್ ಹಾಕಿದ್ರು. ನಮ್ಮ ಆಫೀಸಿನ ಮಣಿಪುರದ ಹುಡುಗಿ ಮನೆ ಹುಡುಕ್ತಿದ್ಲು, ನಾನೇ ಫೋನ್ ಮಾಡ್ದೆ, ಖಾಲಿ ಇದೆ ಬನ್ನಿ ಸಾರ್ ಅಂದ್ರು, ಅವಳನ್ನ ಕರ್ಕೊಂಡು ಗೇಟ್ ಹತ್ರ ಹೋದ್ರೆ ಓನರ್ ಅವಳ ಮುಖ ನೋಡಿ "ಅಯ್ಯೋ ಈಗಷ್ಟೇ ಅಡ್ವಾನ್ಸ್ ಕೊಟ್ಟು ಹೋದ್ರು" ಅಂದ್ಬಿಟ್ರು. ಬೋರ್ಡ್ ಮಾತ್ರ ಇನ್ನೂ ನೇತಾಡ್ತಾ ಇದೆ. ನಾನೂ ಪರ್ವಾಗಿಲ್ಲ ಬಿಡಿ ಅಂತ ವಾಪಸ್ ಬಂದೆ, ಅದಕ್ಕೆ ಈಗ ನಾಚಿಕೆ ಆಗ್ತಿದೆ.

ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 1963ರಲ್ಲಿ ಆಗಿದ್ದೂ ಥೇಟ್ ಇದೇ. ಬಸ್ ಕಂಪನಿಗೆ ಪಾಲ್ ಸ್ಟೀಫನ್‌ಸನ್ ಅನ್ನೋ ಕಪ್ಪು ಹೋರಾಟಗಾರ ಫೋನ್ ಮಾಡಿ ಗೈ ಬೈಲಿ ಅನ್ನೋ ಹುಡುಗನಿಗೆ ಇಂಟರ್‌ವ್ಯೂ ಫಿಕ್ಸ್ ಮಾಡಿಸಿದ್ರು, ಹುಡುಗ ವೆಸ್ಟ್ ಇಂಡೀಸ್‌ನವನು ಅಂತ ಗೊತ್ತಾದ ತಕ್ಷಣ ಕ್ಯಾನ್ಸಲ್. ಆಗ ಅದು ಅಪರಾಧನೇ ಅಲ್ಲ, ಕಾರ್ಮಿಕರ ಯೂನಿಯನ್ನೂ ಕಂಪನಿ ಕಡೆಗೇ! ಏಪ್ರಿಲ್ ಕೊನೆಗೆ ಅಲ್ಲಿನ ಕಪ್ಪು ಜನ ಬಸ್ ಹತ್ತೋದು ಬಿಟ್ರು, ಯೂನಿವರ್ಸಿಟಿ ಹುಡುಗ್ರು ಮೆರವಣಿಗೆ ಮಾಡಿದ್ರು, ವಿರೋಧ ಪಕ್ಷದ ನಾಯಕ ಹೆರಾಲ್ಡ್ ವಿಲ್ಸನ್ ಕೂಡ ಜೊತೆಗೆ ನಿಂತ್ರು. ಆಗಸ್ಟ್ 28ಕ್ಕೆ ಕಂಪನಿ ಬಗ್ತು. ಮುಂದಿನ ತಿಂಗಳು ಬಿಳಿಯರಲ್ಲದ ಮೊದಲ ಕಂಡಕ್ಟರ್ ಆಗಿ ಬಸ್ ಹತ್ತಿದ್ದು ಯಾರು ಗೊತ್ತಾ, ಭಾರತದಲ್ಲಿ ಹುಟ್ಟಿದ ಸಿಖ್, ರಘ್‌ಬೀರ್ ಸಿಂಗ್.

ವಿಲ್ಸನ್ 1964ರಲ್ಲಿ ಪ್ರಧಾನಿ ಆದ್ರು, 1965ರಲ್ಲಿ ಜನಾಂಗ ನೋಡಿ ಭೇದ ಮಾಡೋದರ ವಿರುದ್ಧ ಕಾನೂನು ಬಂತು. ಆದ್ರೆ ಅರ್ಧಂಬರ್ಧ, ಹೋಟೆಲ್ಲು ಪಬ್ಬು ಥರ ಸಾರ್ವಜನಿಕ ಜಾಗಕ್ಕೆ ಮಾತ್ರ. ಜನ ಸುಮ್ನೆ ಕೂರಲಿಲ್ಲ, 1968ರಲ್ಲಿ ಕೆಲಸ, ಮನೆ ಎರಡೂ ಅದರೊಳಗೆ ಬಂದ್ವು.

ನಮ್ಮ ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲ್, ಬಾವಿ ಎಲ್ಲ ಕಡೆ ಜನಾಂಗದ ಹೆಸರಲ್ಲಿ ತಡೆಯೋ ಹಾಗಿಲ್ಲ ಅಂತ 1950ರಲ್ಲೇ ಹೇಳಿದೆ, ಅಂದ್ರೆ ಬ್ರಿಟನ್‌ಗಿಂತ 15 ವರ್ಷ ಮುಂದೆ. ಆದ್ರೆ ಬಾಡಿಗೆ ಮನೆ ಅದರಲ್ಲಿಲ್ಲ. 2014ರಲ್ಲಿ ಅರುಣಾಚಲದ ಹುಡುಗ ನಿಡೊ ತಾನಿಯಾ ದಿಲ್ಲಿಯಲ್ಲಿ ಹೊಡೆತ ತಿಂದು ಸತ್ತಾಗ ವಿದ್ಯಾರ್ಥಿಗಳು ಬೀದಿಗಿಳಿದ್ರು, ಅದರಿಂದಲೇ ಈಶಾನ್ಯ ರಾಜ್ಯದವರ ಕಷ್ಟ ನೋಡೋಕೆ ಕೇಂದ್ರದ ಬೆಜ್‌ಬರುವಾ ಕಮಿಟಿ ಆಯ್ತು, ಅದೇ ವರ್ಷ ರಿಪೋರ್ಟೂ ಬಂತು, ಕಾನೂನು ಬಿಗಿ ಮಾಡಿ ಅಂತಲೂ ಹೇಳ್ತು. ಜನಾಂಗೀಯ ನಿಂದನೆಗೇ ಅಂತ ಪ್ರತ್ಯೇಕ ಕಾನೂನು ಬರಲಿಲ್ಲ ನೋಡಿ. ಬೀದಿ ಖಾಲಿ ಆದ್ಮೇಲೆ ಫೈಲನ್ನ ತಳ್ಳೋರು ಯಾರು?

ದಿಲ್ಲಿ ಕಡೆ ನೋಡ್ತಾ ಕೂರೋದೂ ಬೇಡ ಅನ್ಸುತ್ತೆ. ಬಾಡಿಗೆ ಕಾಯ್ದೆ ರಾಜ್ಯದ್ದೇ ಅಲ್ವಾ, ಮುಖ, ಜಾತಿ, ಊರು ನೋಡಿ ಮನೆ ಇಲ್ಲ ಅಂದ್ರೆ ದಂಡ ಅಂತ ಒಂದು ಸಾಲು ಸೇರಿಸೋಕೆ ನಮ್ಮ ವಿಧಾನಸೌಧಕ್ಕೆ ಆಗಲ್ವಾ? ನಮ್ಮ ಎಂಎಲ್‌ಎಗೆ ಈ ಪ್ರಶ್ನೆ ಬರೆದು ಕಳಿಸಿದೀನಿ, ಉತ್ತರ ಬಂದ್ರೆ ನಿಮಗೂ ಬರೀತೀನಿ.

– ಒಬ್ಬ ಓದುಗ, ಬೆಂಗಳೂರು