ಮೂರು ಲೂರ್ ಸಾಕು, ಪುಟ್ಟಿ

ವಾಸ್ಕೊ, ಗೋವಾ

ಚಿರಂಜೀವಿ ಪುಟ್ಟಿಗೆ ಮಾವನ ಆಶೀರ್ವಾದಗಳು.

ನೀನು ಕಳಿಸಿದ ಪಟ್ಟಿ ನೋಡಿದೆ. ಲೂರ್ ಅಂದರೆ ಮೀನನ್ನು ಮರುಳು ಮಾಡುವ ಕೊಕ್ಕೆ ಕಟ್ಟಿದ ಹುಸಿ ಬೇಟೆ, ಅದರಲ್ಲಿ ನೀರ ಮೇಲೆ ಓಡುವವೇ ಅಷ್ಟೊಂದು! ನಿನ್ನ ಅತ್ತೆ ಬೆಲೆಯನ್ನೆಲ್ಲ ಕೂಡಿಸಿ ನೋಡಿ, "ಈ ದುಡ್ಡಿಗೆ ಮೀನು ಮಾರುಕಟ್ಟೆಯಲ್ಲಿ ವರ್ಷಪೂರ್ತಿ ಚೊಣಕ್ ಸಿಗುತ್ತದೆ" ಅಂದಳು. ಅವಳ ಮಾತು ಬಿಡು. ಆದರೆ ಅಷ್ಟನ್ನೂ ಕೊಳ್ಳಬೇಡ ಅಂತ ನಾನೂ ಹೇಳುತ್ತೇನೆ. ಮೂರು ಸಾಕು. ಫೋನಿನಲ್ಲಿ ಹೇಳಿದರೆ ನೀನು "ಹೂಂ ಮಾವ, ಹೂಂ ಮಾವ" ಅಂದು ರಾತ್ರಿ ಆರ್ಡರ್ ಹಾಕಿಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ನೀನು ನೋಡುವ ವಿಡಿಯೊಗಳೆಲ್ಲ ಅಮೆರಿಕದಲ್ಲಿ ಬಾಸ್ ಹಿಡಿಯುವವರದ್ದು. ಆ ಲಾರ್ಜ್‌ಮೌತ್ ಬಾಸ್ ಸಿಹಿನೀರಿನ ಮೀನು. ಕೆರೆಯಲ್ಲಿ, ಅಣೆಕಟ್ಟಿನ ಹಿನ್ನೀರಿನಲ್ಲಿ ಕಳೆಯ ಅಡಿ, ಮುಳುಗಿದ ಮರದ ಬೊಡ್ಡೆಯ ಪಕ್ಕ ಅಡಗಿರುತ್ತದೆ. ದೀಪಾವಳಿ ರಜೆಗೆ ಬಂದು ನೀನು ಹಿಡಿಯಬೇಕು ಅಂತಿರುವುದು ಚೊಣಕ್. ಆಸ್ಟ್ರೇಲಿಯಾದವರ ಬಾರಾಮುಂಡಿ ಇದೇ. ಏಷ್ಯನ್ ಸೀ ಬಾಸ್ ಅಂತಲೂ ಕರೆಯುತ್ತಾರೆ. ಎರಡಕ್ಕೂ ಕುಲಸಂಬಂಧ ಇಲ್ಲ, ಆದರೆ ಬೇಟೆಯ ರೀತಿ ತೀರಾ ಹತ್ತಿರ. ಎರಡೂ ನೆರಳಲ್ಲಿ ನಿಂತು ಕಾಯುತ್ತವೆ, ಹತ್ತಿರ ಬಂದದ್ದನ್ನು ಒಂದೇ ಸಲಕ್ಕೆ ನುಂಗುತ್ತವೆ. ಹಾಗಾಗಿ ಬಾಸ್ ಲೂರ್ ಇಲ್ಲೂ ನಡೆಯುತ್ತದೆ. ಆರಿಸುವ ಲೆಕ್ಕ ಮಾತ್ರ ಬೇರೆ.

ಅಮೆರಿಕದವರು ನೀರು ಎಷ್ಟು ಬೆಚ್ಚಗಿದೆ ಅಂತ ನೋಡುತ್ತಾರೆ. 60 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 15-16 ಡಿಗ್ರಿ ದಾಟಿದ ಮೇಲೆ ನೀರ ಮೇಲಿನ ಲೂರ್ ಹೊರಗೆ ತೆಗೆಯುವುದು ರೂಢಿ. ನಮ್ಮ ಜುವಾರಿ ನದಿ ಅಷ್ಟು ತಣ್ಣಗಾಗುವುದೇ ಇಲ್ಲ. ಇಲ್ಲಿ ಮೊದಲು ಉಬ್ಬರ-ಇಳಿತ ನೋಡಬೇಕು. ಆಮೇಲೆ ನೀರು ಎಷ್ಟು ತಿಳಿ, ಗಾಳಿ ಎಷ್ಟು, ದಡದ ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಬೇರು ಎಷ್ಟು ದೂರ ಅನ್ನೋದು. ಮಳೆಗಾಲದ ಕೆಂಪು ನೀರು ಇಳಿಯುವವರೆಗೆ ನೀರ ಮೇಲಿನ ಲೂರ್ ಹಾಕುವುದು ನನ್ನ ಮಟ್ಟಿಗೆ ಕೈನೋವು ಅಷ್ಟೆ.

ಮೊದಲನೆಯದು ಸ್ಪೂಕ್ ಜಾತಿಯ ಲೂರ್. ಉದ್ದಕ್ಕೆ ನುಣ್ಣಗೆ ಇರುತ್ತದೆ. ತುಟಿ ಇಲ್ಲ, ಪಂಖ ಇಲ್ಲ. ಸುಮ್ನೆ ಎಳೆದರೆ ಕಡ್ಡಿ ತೇಲಿ ಬರುತ್ತದೆ, ಬೇರೇನೂ ಆಗುವುದಿಲ್ಲ. ಜೀವ ಕೊಡಬೇಕಾದದ್ದು ನಿನ್ನ ಮಣಿಕಟ್ಟು. ರಾಡ್ ತುದಿ ಕೆಳಗಿಟ್ಟು ಚಿಕ್ಕದಾಗಿ ಒಂದು ಜಗ್ಗು ಜಗ್ಗಿ ತಕ್ಷಣ ದಾರ ಸಡಿಲ ಬಿಡು. ಮೂತಿ ಎಡಕ್ಕೆ ತಿರುಗುತ್ತದೆ. ಮತ್ತೆ ಜಗ್ಗು, ಸಡಿಲ ಬಿಡು. ಬಲಕ್ಕೆ ತಿರುಗುತ್ತದೆ. ಹೊಸಬರು ಎಲ್ಲರೂ ಎಡವುವುದು ಆ ಸಡಿಲ ಬಿಡುವಲ್ಲೇ. ದಾರ ಬಿಗಿಯಾಗಿದ್ದರೆ ಲೂರ್ ಮೂತಿ ತಿರುಗಿಸಲಾರದು, ನೆಟ್ಟಗೆ ನಿನ್ನ ಕಡೆ ಜಾರುತ್ತದೆ. ಜಗ್ಗಿನ ಮಧ್ಯೆಯೇ ರೀಲ್ ಸುತ್ತಿ ಸಡಿಲಾದ ದಾರ ಒಳಗೆ ತಗೋಬೇಕು. ಲಯ ಸಿಕ್ಕಿತೋ, ಕೈ ತನ್ನಷ್ಟಕ್ಕೆ ಮಾಡುತ್ತದೆ. ಹೆಡನ್ ಕಂಪನಿಯ ಜಾರಾ ಸ್ಪೂಕ್ 1939ರಲ್ಲಿ ಪ್ಲಾಸ್ಟಿಕ್‌ನಲ್ಲಿ ಬಂತು. ಅದಕ್ಕೂ ಮೊದಲು ಮರದ್ದಿತ್ತು. ಇವತ್ತಿಗೂ ಮಾರಾಟವಾಗುತ್ತಿದೆ ಅಂದರೆ ಅದರಲ್ಲಿ ಏನೋ ಇದೆ, ಅಲ್ವಾ?

ತೆರೆದ ನೀರಿಗೆ ಇದೇ. ಮೀನು ಎಲ್ಲಿದೆ ಗೊತ್ತಿಲ್ಲ, ಹುಡುಕಬೇಕು ಅಂದಾಗ ಇದು ಬಹಳ ಜಾಗ ಗುಡಿಸಿಕೊಂಡು ಬರುತ್ತದೆ. ಸಣ್ಣ ಅಲೆ ಇದ್ದರೂ ನಡೆಯುತ್ತದೆ. 10-11 ಸೆಂಟಿಮೀಟರಿನದು ತಗೋ. ಇಲ್ಲಿಗೆ ಬರುವ ಮೊದಲು ಪುಣೆಯಲ್ಲಿ ಯಾವುದಾದರೂ ನಿಂತ ನೀರಲ್ಲಿ ಕೊಕ್ಕೆ ಬಿಚ್ಚಿಟ್ಟು ಅಭ್ಯಾಸ ಮಾಡು. ಮೀನು ಬೇಕಿಲ್ಲ, ನೀರು ಸಾಕು. ಖಡಕ್‌ವಾಸ್ಲಾದಲ್ಲಿ ಎನ್‌ಡಿಎ, ಅದೇ ಸೇನೆಯ ತರಬೇತಿ ಅಕಾಡೆಮಿ, ಅದರ ದಡದ ಹತ್ತಿರ ಮಾತ್ರ ಸುಳಿಯಬೇಡ.

ಎರಡನೆಯದು ಪಾಪರ್. ಮುಂದೆ ಬಾಯಿ ಗುಳಿ ಬಿದ್ದಿರುತ್ತದೆ. ಜಗ್ಗಿದರೆ ನೀರು ಉಗುಳುತ್ತದೆ, ಬುಳಕ್ ಅನ್ನುತ್ತದೆ. ಇದರ ಗುಣ ಏನೆಂದರೆ, ಇದ್ದ ಜಾಗ ಬಿಟ್ಟು ಹೆಚ್ಚು ಮುಂದೆ ಬರುವುದಿಲ್ಲ. ಸ್ಪೂಕ್ ನಾಲ್ಕು ಜಗ್ಗಿಗೆ ಬೇರಿನ ನೆರಳಿನಿಂದ ಆಚೆ ಬಂದುಬಿಡುತ್ತದೆ. ಪಾಪರ್ ಅಲ್ಲೇ ನಿಂತು ಮೀನನ್ನು ಕೆಣಕುತ್ತದೆ. ಕಾಂಡ್ಲಾ ಬೇರಿನ ಸಂದು, ಹಳೆ ಜೆಟ್ಟಿಯ ಕಂಬ, ಕಲ್ಲಿನ ಮೂಲೆ, ಇಂಥ ಕಡೆ ಮೀನು ಇಲ್ಲೇ ಇದೆ ಅನ್ನಿಸಿದಾಗ ಹಾಕು. ಬಿದ್ದ ಮೇಲೆ ಅಲೆಯ ಉಂಗುರ ಕರಗುವವರೆಗೆ ಮುಟ್ಟಬೇಡ. ಆಮೇಲೆ ಒಂದು ಬುಳಕ್. ಮತ್ತೆ ಸುಮ್ಮನಿರು. ವಿಡಿಯೊದವರು ಬಡಬಡ ಹೊಡೆಯುತ್ತಾರಲ್ಲ, ಕನ್ನಡಿಯಂಥ ನೀರಲ್ಲಿ ಹಾಗೆ ಮಾಡಿದರೆ ಮೀನು ಹೆದರಿ ಓಡುತ್ತದೆ. ಗಾಳಿ ಜೋರಾಗಿ ನೀರು ಕಲಕಿದ್ದರೆ ಇದರ ಸದ್ದು ಅಲೆಯಲ್ಲೇ ಮುಳುಗಿಹೋಗುತ್ತದೆ. ಆಗ ತೆಗೆದಿಡು.

ಮೂರನೆಯದು ಟೊಳ್ಳು ಹೊಟ್ಟೆಯ ರಬ್ಬರ್ ಕಪ್ಪೆ. ಇದು ಗೋವಾಕ್ಕಲ್ಲ, ಪುಣೆಗೆ. ಅದರ ಎರಡು ಕೊಕ್ಕೆ ಮೇಲ್ಮುಖವಾಗಿ ಬೆನ್ನಿಗೆ ಅಂಟಿಕೊಂಡಿರುತ್ತವೆ. ತಾವರೆ ಎಲೆ, ಕಳೆ, ಪಾಚಿ ಮೇಲೆ ಎಳೆದರೂ ಸಿಕ್ಕಿಕೊಳ್ಳುವುದಿಲ್ಲ. ಮೀನು ಕಚ್ಚಿದಾಗ ಹೊಟ್ಟೆ ಅದುಮಿ ಕೊಕ್ಕೆ ಹೊರಬರುತ್ತದೆ. ಅಮೆರಿಕದಲ್ಲಿ ಕಳೆ ತುಂಬಿದ ಕೆರೆಯ ಬಾಸ್‌ಗೆ ಇದನ್ನು ಬಳಸುತ್ತಾರೆ. ನಿಮ್ಮ ಕಡೆಯ ಕೊರವ ಮೀನಿಗೆ, ಪುಣೆಯವರು ಮರಳ್ ಅನ್ನೋದಕ್ಕೆ, ಇದಕ್ಕಿಂತ ಒಳ್ಳೆಯದು ಇಲ್ಲ. ಆದರೆ ಗಟ್ಟಿ ರಾಡ್, 50 ಪೌಂಡ್ ತಡೆಯುವ ಬ್ರೇಡ್ (ಹೆಣೆದ) ದಾರ ಬೇಕು. ಕಳೆಯಿಂದ ಮೀನನ್ನು ಎಬ್ಬಿಸಿ ತರಬೇಕಲ್ಲ. ಇನ್ನೊಂದು, ಮಹಾರಾಷ್ಟ್ರದ ಅಣೆಕಟ್ಟಿನ ಹಿನ್ನೀರಿನಲ್ಲಿ ಮೀನಿನ ಹಕ್ಕನ್ನು ಸಾಮಾನ್ಯವಾಗಿ ಸಹಕಾರ ಸಂಘಗಳಿಗೆ ಗುತ್ತಿಗೆ ಕೊಟ್ಟಿರುತ್ತಾರೆ. ಕೇಳಿಯೇ ಗಾಳ ಹಾಕು.

ಉಳಿದವು? ಬಾಲ ಗಿರಗಿರ ತಿರುಗುವ ಪ್ಲಾಪರ್ ಕೆಟ್ಟದ್ದಲ್ಲ. ರೀಲ್ ಸುತ್ತುತ್ತಾ ಬಂದರೆ ಸಾಕು, ಅದೇ ಸದ್ದು ಮಾಡುತ್ತದೆ. ಅದಕ್ಕೇ ಬೇಡ ಅಂತಿದ್ದೇನೆ. ಮೊದಲೇ ಅದು ಕೈಗೆ ಬಂದರೆ ನೀನು ಸ್ಪೂಕ್ ಕಲಿಯುವುದೇ ಇಲ್ಲ. ಮುಂದಿನ ವರ್ಷ ನೋಡೋಣ. ತಂತಿಗೆ ಪಂಖ ಸಿಕ್ಕಿಸಿದ ಬಜ್‌ಬೈಟ್, ರೀಲ್ ಸುತ್ತುವುದು ನಿಲ್ಲಿಸಿದರೆ ಮುಳುಗುತ್ತದೆ. ಬೇರಿನ ಪಕ್ಕ ನಿಲ್ಲಿಸಿ ಕಾಯುವ ನಮ್ಮ ಆಟಕ್ಕೆ ಅದು ಸರಿಬರುವುದಿಲ್ಲ, ಉಪ್ಪುನೀರಿಗೆ ಅದರ ತಂತಿಯೂ ಬೇಗ ತುಕ್ಕು. ಜಿಟರ್‌ಬಗ್ 1938ರ ಹಳೆಯ ಲೂರ್, ಬಾಸ್ ಹಿಡಿಯುವವರು ರಾತ್ರಿ ಹೊತ್ತು ಇಷ್ಟಪಡುತ್ತಾರೆ. ಕಪಾಟಿನಲ್ಲಿಡಲು ಚೆಂದ.

ಬಣ್ಣಕ್ಕೆ ತಲೆ ಕೆಡಿಸಿಕೊಳ್ಳಬೇಡ. ಮೀನು ಕೆಳಗಿನಿಂದ ನೋಡುತ್ತದೆ. ಅದಕ್ಕೆ ಕಾಣುವುದು ಹೊಟ್ಟೆ ಮತ್ತು ನೆರಳು. ಬೆನ್ನ ಮೇಲಿನ ಕಣ್ಣು, ಚುಕ್ಕೆ, ಹೊಳೆಯುವ ಪಟ್ಟೆ ಎಲ್ಲ ಅಂಗಡಿಗೆ ಬಂದವರನ್ನು ಹಿಡಿಯಲಿಕ್ಕೆ. ಬೆಳಕಿದ್ದಾಗ ಬಿಳಿ ಅಥವಾ ಎಲುಬಿನ ಬಣ್ಣ. ಕತ್ತಲಾಗುವಾಗ ಕಪ್ಪು, ಆಕಾಶದ ಎದುರು ಅದೇ ಚೆನ್ನಾಗಿ ಎದ್ದು ಕಾಣುತ್ತದೆ. ಬಣ್ಣಕ್ಕೆ ಕೊಡುವ ದುಡ್ಡನ್ನು ಕೊಕ್ಕೆಗೆ ಕೊಡು.

ಕೊಕ್ಕೆಯ ಮಾತು ಗಮನವಿಟ್ಟು ಓದು. ಲಾರ್ಜ್‌ಮೌತ್ ಬಾಸ್‌ನ ವಿಶ್ವದಾಖಲೆ 1932ರಲ್ಲಿ ಜಾರ್ಜಿಯಾ ರಾಜ್ಯದಲ್ಲಿ ಆದದ್ದು, 22 ಪೌಂಡ್ 4 ಔನ್ಸ್. ನಮ್ಮ ಲೆಕ್ಕದಲ್ಲಿ ಹತ್ತು ಕಿಲೊ ಚಿಲ್ಲರೆ. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಒಬ್ಬರು ಅದನ್ನು ಸರಿಗಟ್ಟಿದರು, ಅಷ್ಟೆ. ಬಾರಾಮುಂಡಿಯ ದಾಖಲೆ 2010ರದ್ದು, ಆಸ್ಟ್ರೇಲಿಯಾದ ಮಾಂಡುರನ್ ಸರೋವರದಲ್ಲಿ, 44 ಕಿಲೊ ಮೇಲೆ. ಬಾಸ್‌ಗೆಂದು ಮಾಡಿದ ಲೂರ್‌ನಲ್ಲಿ ಇರುವ ಮೂರುಮುಖದ ಕೊಕ್ಕೆ ತೆಳು ತಂತಿಯದ್ದು. ನಾಲ್ಕು ಕಿಲೊದ ಚೊಣಕ್ ಬೇರಿನ ಕಡೆ ಒಂದು ಸಲ ತಿರುಗಿದರೆ ಅದು ನೆಟ್ಟಗಾಗಿಬಿಡುತ್ತದೆ. ಲೂರ್ ಬಂದ ದಿನವೇ ಕೊಕ್ಕೆ, ಉಂಗುರ ಎರಡನ್ನೂ ಉಪ್ಪುನೀರಿನ ದಪ್ಪದ್ದಕ್ಕೆ ಬದಲಿಸು. ಬದಲಿಸಿದ ಮೇಲೆ ಬಕೆಟ್ ನೀರಲ್ಲಿ ತೇಲಿಸಿ ನೋಡು. ಭಾರ ಜಾಸ್ತಿಯಾಗಿ ಬಾಲ ತೀರಾ ಕೆಳಗಿಳಿದರೆ ಸ್ಪೂಕ್ ಸರಿಯಾಗಿ ತಿರುಗುವುದಿಲ್ಲ. ಹಾಗಾದರೆ ಒಂದು ಅಳತೆ ಕಮ್ಮಿ ಹಾಕು.

ದಾರದ ತುದಿಗೆ, ಲೂರ್‌ಗೆ ಮೊದಲು ಕಟ್ಟುವ ಗಟ್ಟಿ ತುಂಡು ದಾರ, ಅಂದರೆ ಲೀಡರ್, 30-40 ಪೌಂಡಿನದು, ನೈಲಾನ್. ಫ್ಲೋರೊಕಾರ್ಬನ್ ದುಬಾರಿ, ಅದಕ್ಕೇ ಒಳ್ಳೆಯದು ಅಂದುಕೊಳ್ಳಬೇಡ. ಅದು ಮುಳುಗುತ್ತದೆ, ಲೂರ್ ಮೂತಿಯನ್ನು ಕೆಳಗೆ ಎಳೆಯುತ್ತದೆ. ಚೊಣಕ್‌ಗೆ ಚೂಪು ಹಲ್ಲಿಲ್ಲ, ಆದರೆ ಬಾಯಿ ಅರದಷ್ಟು ಒರಟು, ಕಿವಿರಿನ ಮುಚ್ಚಳದ ಅಂಚು ಬ್ಲೇಡ್. ಕೈ ಹಾಕಿ ಹಿಡಿಯಬೇಡ.

ಮೀನು ಬಂದಾಗ ಏನು ಮಾಡಬೇಕು ಅಂತ ಕೇಳಿದ್ದೀಯ. ಏನೂ ಮಾಡಬೇಡ! ಚೊಣಕ್ ಕಚ್ಚುವುದಿಲ್ಲ. ಬಾಯಿ ದೊಡ್ಡದಾಗಿ ತೆರೆದು ನೀರಿನ ಸಮೇತ ಲೂರ್ ಒಳಗೆಳೆದುಕೊಳ್ಳುತ್ತದೆ. ಬುಫ್ ಅಂತ ಸದ್ದಾಗುತ್ತದೆ. ಸದ್ದು ಕೇಳಿದ ತಕ್ಷಣ ಜಗ್ಗಿದರೆ ಬಾಯಿಯಿಂದ ಲೂರ್ ಕಿತ್ತುಕೊಂಡ ಹಾಗೆ. ಕೈಗೆ ಭಾರ ತಿಳಿಯಲಿ, ಆಮೇಲೆ ರಾಡ್ ಎತ್ತು. ತಪ್ಪಿದರೂ ಲೂರ್ ಅಲ್ಲೇ ಬಿಟ್ಟು ಸ್ವಲ್ಪ ಅಲುಗಾಡಿಸು. ಎಷ್ಟೋ ಸಲ ತಿರುಗಿ ಬರುತ್ತದೆ.

ಜಾಗದ ಬಗ್ಗೆ. ಇಳಿತ ಶುರುವಾದ ಮೇಲೆ ಖಾಜಾನ್ ಗದ್ದೆಯ, ಅಂದರೆ ಉಪ್ಪುನೀರಿಗೆ ಒಡ್ಡು ಕಟ್ಟಿದ ನದಿದಡದ ಗದ್ದೆಯ, ತೂಬಿನ ಬಾಗಿಲಿನಿಂದ ನೀರು ಹೊರಬರುತ್ತದೆ, ಅದರ ಜೊತೆ ಸಿಗಡಿ, ಮರಿಮೀನು. ಚೊಣಕ್ ಅದಕ್ಕೇ ಕಾದಿರುತ್ತದೆ. ಆದರೆ ಆ ತೂಬುಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಹರಾಜು ಹಾಕಿರುತ್ತಾರೆ. ಹರಾಜು ಹಿಡಿದವರು ದುಡ್ಡು ಕೊಟ್ಟಿದ್ದಾರೆ, ಹೊಟ್ಟೆಪಾಡು ಅವರದು. ಕೇಳದೆ ನಿಲ್ಲಬೇಡ. ಶೊರಾಂವ್ ದ್ವೀಪದ ಸಲೀಂ ಅಲಿ ಪಕ್ಷಿಧಾಮದ ಕಡೆ ಗಾಳ ತಗೊಂಡು ಹೋಗಲೇಬೇಡ. ಕುಂಭಾರ್ಜುವಾ ಕಾಲುವೆಯಲ್ಲಿ ಮೊಸಳೆ ಇದೆ, ಪ್ರವಾಸಿಗಳು ದೋಣಿಯಲ್ಲಿ ಹೋಗಿ ನೋಡುವುದೂ ಅವನ್ನೇ. ಚೊಣಕ್ ಬರುವ ಮುಸ್ಸಂಜೆಯೇ ಅವುಗಳ ಹೊತ್ತೂ ಹೌದು. ಕೆಸರಿನ ಅಂಚಿಗೆ ಇಳಿದು ಸಿಕ್ಕಿದ ಲೂರ್ ಬಿಡಿಸಲು ಹೋದರೆ ನಾನು ನಿನ್ನಮ್ಮನಿಗೆ ಉತ್ತರ ಕೊಡಬೇಕಾಗುತ್ತದೆ. ಲೂರ್ ಹೋದರೆ ಹೋಗಲಿ.

ದೊಡ್ಡದು ಸಿಕ್ಕರೆ ಫೋಟೊ ತೆಗೆದು ಬಿಟ್ಟುಬಿಡೋಣ. ಚೊಣಕ್ ಗಂಡಾಗಿ ಬೆಳೆದು ದೊಡ್ಡದಾದ ಮೇಲೆ ಹೆಣ್ಣಾಗುತ್ತದೆ. ದೊಡ್ಡದೆಲ್ಲ ತಿಂದರೆ ಮೊಟ್ಟೆ ಇಡುವವರೇ ಇರುವುದಿಲ್ಲ. ಎರಡು ಕಿಲೊದ್ದು ಸಿಕ್ಕರೆ ನಿನ್ನತ್ತೆ ರವೆ ಹಚ್ಚಿ ಹುರಿಯುತ್ತಾಳೆ. ಈಗಲೇ ಹೇಳಿಟ್ಟಿದ್ದಾಳೆ.

ಗೋವಾ ಎಕ್ಸ್‌ಪ್ರೆಸ್‌ಗೆ ಟಿಕೆಟ್ ಮಾಡಿಸು, ಪುಣೆಯಲ್ಲಿ ಹತ್ತಿದರೆ ನೇರ ವಾಸ್ಕೊ. ರಾಡ್ ಎರಡು ತುಂಡಿನದೇ ತಗೋ, ಬರ್ತ್ ಅಡಿ ಹಿಡಿಯುತ್ತದೆ. ಲೂರ್‌ಗಳನ್ನು ಬಟ್ಟೆಬರೆ ಜೊತೆ ಬ್ಯಾಗಿಗೆ ಹಾಕಬೇಡ, ಡಬ್ಬಿಯಲ್ಲಿಡು. ಉದ್ದ ಮೂತಿಯ ಇಕ್ಕಳ ಒಂದು ತಗೊಂಡು ಬಾ, ನನ್ನದು ತುಕ್ಕು ಹಿಡಿದಿದೆ.

ಇಂತಿ,
ನಿನ್ನ ಮಾವ